ಟ್ಯಾಟೂ ತೆಗೆಸುವ ಮುಂಚೆ: ಓದುಗರ ಪ್ರಶ್ನೆ, ಚರ್ಮವೈದ್ಯೆಯ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಟ್ಯಾಟೂ ಬಗ್ಗೆ ಬರೆದವರೇ ಜಾಸ್ತಿ. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಮೊಡವೆ, ಕೂದಲು ಉದುರುವುದು, ಬಂಗು ಅಂತ ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ. ಮೊದಲ ಕಾಗದದ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಳ್ಳಿ, ಅಲ್ಲಿ ಹೇಳಿದ್ದನ್ನು ಮತ್ತೆ ಹೇಳಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನಗೆ 25 ವರ್ಷ. ಊರು ಬೈಂದೂರು ಹತ್ತಿರ. ಡೊಂಬಿವಲಿಯಲ್ಲಿ ಸೋದರಮಾವನ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿದ್ದಾಗ ಬಲಗೈಗೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಗರುಡನ ಟ್ಯಾಟೂ ಹಾಕಿಸಿಕೊಂಡೆ. ಗೆರೆ ಕಪ್ಪು, ರೆಕ್ಕೆ ಹಸಿರು, ಕೊಕ್ಕು ಹಳದಿ, ಕಣ್ಣು ಕೆಂಪು. ಈಗ ಏರ್‌ಲೈನ್ಸ್ ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೇನೆ. ಕೈ ಮೇಲೆ ಕಾಣುವ ಟ್ಯಾಟೂ ಇರಬಾರದು ಅಂದರು. ಠಾಣೆಯಲ್ಲಿ ಒಂದು ಕಡೆ ವಿಚಾರಿಸಿದೆ. 15 ದಿನಕ್ಕೊಂದರಂತೆ ನಾಲ್ಕು ಸಿಟಿಂಗ್, ಎರಡು ತಿಂಗಳಲ್ಲಿ ಪೂರ್ತಿ ಹೋಗುತ್ತೆ, ಗ್ಯಾರಂಟಿ ಅಂದರು. ಅಂಧೇರಿಯಲ್ಲಿ ಇನ್ನೊಂದು ಕಡೆ ಕೇಳಿದರೆ ಎಂಟು-ಹತ್ತು ಸಿಟಿಂಗ್, ಒಂದೂವರೆ ವರ್ಷ, ಆಮೇಲೂ ಸ್ವಲ್ಪ ಹಸಿರು ಉಳಿಯಬಹುದು ಅಂದರು. ಇಬ್ಬರದ್ದೂ ಲೇಸರೇ. ಯಾರ ಮಾತು ನಂಬಲಿ? ಲೇಸರ್ ನಿಜಕ್ಕೂ ಏನು ಮಾಡುತ್ತೆ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಅಂಧೇರಿಯವರ ಮಾತು ನಂಬಿ. ಕೇಳೋಕೆ ಬೇಜಾರು, ಗೊತ್ತು. ಆದರೆ ನಿಮಗೆ ನಿಜ ಹೇಳಿದವರು ಅವರು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಇಂಕ್ ಎಲ್ಲಿ ಕೂತಿದೆ ನೋಡೋಣ. ಚರ್ಮದ ಮೇಲ್ಪದರ ತುಂಬಾ ತೆಳು. ಕೈ ಮೇಲೆ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಷ್ಟೇ. ಅದು ದಿನವೂ ಸವೆದು ಉದುರುತ್ತಾ, ಒಂದು ತಿಂಗಳ ಆಸುಪಾಸಿನಲ್ಲಿ ಹೊಸದಾಗುತ್ತದೆ. ಮೆಹಂದಿ ಬಣ್ಣ ನಿಲ್ಲುವುದು ಈ ಪದರದಲ್ಲೇ, ಅದಕ್ಕೇ ಬೇಗ ಮಾಸುತ್ತದೆ. ಟ್ಯಾಟೂ ಸೂಜಿ ಈ ಪದರ ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಇಂಕ್ ಬಿಡುತ್ತದೆ. ಅಲ್ಲಿ ನಮ್ಮ ಮೈ ಕಾಯುವ ಜೀವಕೋಶಗಳಿವೆ, ಮ್ಯಾಕ್ರೊಫೇಜ್ ಅಂತ ಹೆಸರು. ಹೊರಗಿನದ್ದು ಏನೋ ಬಂತು ಅಂತ ಅವು ಇಂಕನ್ನು ನುಂಗುತ್ತವೆ. ಆದರೆ ಇಂಕಿನ ಕಣಗಳು ದೊಡ್ಡವು. ಅರಗಿಸೋಕೂ ಆಗೋದಿಲ್ಲ, ಹೊತ್ತುಕೊಂಡು ಹೋಗೋಕೂ ಆಗೋದಿಲ್ಲ. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಸಂಶೋಧಕರು ಇಲಿಗಳ ಮೇಲೆ ಇದನ್ನು ತೋರಿಸಿದರು. ಒಂದು ಮ್ಯಾಕ್ರೊಫೇಜ್ ಸತ್ತರೆ ಇಂಕ್ ಹೊರಗೆ ಬೀಳುತ್ತದೆ, ಹೊಸದಾಗಿ ಬಂದ ಇನ್ನೊಂದು ಅದನ್ನೇ ಮತ್ತೆ ನುಂಗುತ್ತದೆ. ಟ್ಯಾಟೂ ವರ್ಷಾನುಗಟ್ಟಲೆ ಉಳಿಯುವುದು ಹೀಗೆ.

ಈಗ ಲೇಸರ್. ಅದು ಇಂಕನ್ನು ಅಳಿಸುವುದಿಲ್ಲ, ಒಡೆಯುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ದೊಡ್ಡ ಬೆಲ್ಲದ ಅಚ್ಚನ್ನು ಇರುವೆಗಳು ಎಳೆದುಕೊಂಡು ಹೋಗಲಾರವು. ಪುಡಿ ಮಾಡಿಟ್ಟರೆ ಒಂದೊಂದೇ ಹರಳು ಹೊತ್ತು ಸಾಗಿಸುತ್ತವೆ. ಲೇಸರ್ ಮಾಡುವುದು ಆ ಪುಡಿ ಮಾಡುವ ಕೆಲಸ ಮಾತ್ರ. ಸಾಗಿಸುವುದು ನಿಮ್ಮ ಮೈ.

ಒಡೆಯುವುದು ಹೇಗೆ? ಲೇಸರಿನ ಬೆಳಕಿಗೆ ಒಂದೇ ಬಣ್ಣ. ಆ ಬಣ್ಣವನ್ನು ಹೀರುವ ವಸ್ತುವಿಗೆ ಮಾತ್ರ ಅದು ತಾಗುತ್ತದೆ, ಮಿಕ್ಕದ್ದನ್ನು ಬಹುಮಟ್ಟಿಗೆ ದಾಟಿ ಹೋಗುತ್ತದೆ. ಇಂಕಿನ ಕಣ ಆ ಬೆಳಕನ್ನು ಹೀರಿ ಒಂದೇ ಏಟಿಗೆ ವಿಪರೀತ ಕಾದು, ಹಿಗ್ಗಿ, ಸಿಡಿದು ಚೂರಾಗುತ್ತದೆ. ಬೆಳಕು ಬಿದ್ದಿರುವ ಹೊತ್ತು ತೀರಾ ಚಿಕ್ಕದಿರಬೇಕು. ಜಾಸ್ತಿ ಹೊತ್ತು ಬಿದ್ದರೆ ಇಂಕಿನ ಬಿಸಿ ಸುತ್ತಲಿನ ಚರ್ಮಕ್ಕೆ ಹರಿದು ಸುಟ್ಟ ಗಾಯವಾಗುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಸೆಕೆಂಡ್ ಅನ್ನುತ್ತಾರೆ. ಟ್ಯಾಟೂಗೆ ಮಾಮೂಲಾಗಿ ಬಳಸುವ ಕ್ಯೂ-ಸ್ವಿಚ್ಡ್ ಲೇಸರಿನ ಒಂದು ಹೊಡೆತ ಅಂಥ ಕೆಲವೇ ನ್ಯಾನೊಸೆಕೆಂಡ್. ಪಿಕೊ ಲೇಸರಿನ ಹೊಡೆತ ಅದಕ್ಕಿಂತಲೂ ಚಿಕ್ಕದು. ಟ್ಯಾಟೂ ತೆಗೆಯಲು ಪಿಕೊ ಯಂತ್ರಕ್ಕೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ.

ಹಳೆಯ ಕಾಲದಲ್ಲಿ ಇಷ್ಟು ನಾಜೂಕು ಇರಲಿಲ್ಲ. ಥಿಯೊಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಮಾಡಿದ. ಅದೇ ದಶಕದಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯ ಅದನ್ನು ಟ್ಯಾಟೂ ಮೇಲೆ ಪ್ರಯೋಗಿಸಿದ. ಆಮೇಲೆ ಬಂದ ಕೆಲವು ಲೇಸರ್‌ಗಳು ಟ್ಯಾಟೂ ಜೊತೆಗೆ ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತಿದ್ದವು. ಯಾವ ಬಣ್ಣದ ಬೆಳಕು, ಎಷ್ಟು ಚಿಕ್ಕ ಹೊಡೆತ ಕೊಟ್ಟರೆ ಬೇಕಾದದ್ದಕ್ಕೆ ಮಾತ್ರ ಏಟು ಬೀಳುತ್ತದೆ ಅನ್ನುವ ಲೆಕ್ಕವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಬರೆದುಕೊಟ್ಟರು. ಇವತ್ತು ನಾವು ಕ್ಲಿನಿಕ್ಕಿನಲ್ಲಿ ಮಾಡುವುದೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ.

ಸಿಟಿಂಗ್ ದಿನ ಏನಾಗುತ್ತದೆ ಅಂತಲೂ ಹೇಳುತ್ತೇನೆ, ಹೆದರಿಕೆ ಕಡಿಮೆಯಾಗಲಿ. ಬಾಗಿಲು ಹಾಕಿ, ನಿಮಗೂ ನನಗೂ ನರ್ಸಿಗೂ ಆ ಲೇಸರಿಗೆಂದೇ ಮಾಡಿದ ಕನ್ನಡಕ ಹಾಕುತ್ತೇವೆ. ಕಣ್ಣಿಗೆ ಒಂದು ಹೊಡೆತ ಬಿದ್ದರೂ ದೃಷ್ಟಿ ಹೋಗಬಹುದು. ಯಾರಾದರೂ ಕನ್ನಡಕ ಕೊಡದೆ ಶುರು ಮಾಡಿದರೆ ಎದ್ದು ಬಂದುಬಿಡಿ. ಆಮೇಲೆ ಟಕ್ ಟಕ್ ಟಕ್ ಅಂತ ಸದ್ದು. ಕೈಮೇಲಿನ ಸಣ್ಣ ಕೂದಲು ಸೀದ ವಾಸನೆ. ಒಂದೊಂದು ಹೊಡೆತಕ್ಕೂ ಚುರ್ರೆನ್ನುತ್ತದೆ. ಹೊಡೆತ ಬಿದ್ದ ಜಾಗ ಕಣ್ಣೆದುರಿಗೇ ಬೆಳ್ಳಗಾಗುತ್ತದೆ. ಕಪ್ಪು ಗೆರೆಯ ಮೇಲೆ ಲೇಸರ್ ಸಾಗಿದಂತೆ ಆ ಗೆರೆ ಅಷ್ಟೂ ಬಿಳಿಯ ಗೆರೆಯಾಗಿ ಉಬ್ಬುತ್ತದೆ. ಬಂದವರು ಖುಷಿಯಿಂದ "ಹೋಯ್ತಾ?" ಅಂತ ಕೇಳುತ್ತಾರೆ. ಹೋಗಿಲ್ಲ. ಆ ಬಿಸಿಗೆ ಚರ್ಮದೊಳಗೆ ಹುಟ್ಟಿದ ಗಾಳಿಗುಳ್ಳೆಗಳು ಅವು. ಇಪ್ಪತ್ತು ನಿಮಿಷದೊಳಗೆ ಬಿಳಿ ಇಳಿದು ಟ್ಯಾಟೂ ಮತ್ತೆ ಕಾಣುತ್ತದೆ, ಸುತ್ತ ಕೆಂಪಗೆ ಊದಿಕೊಂಡಿರುತ್ತದೆ. ಕೆಲವರಿಗೆ ಅವತ್ತು ರಾತ್ರಿಯೋ ಮಾರನೆ ದಿನವೋ ನೀರುಗುಳ್ಳೆ ಏಳುತ್ತದೆ.

ನಿಜವಾದ ಕೆಲಸ ಶುರುವಾಗುವುದು ನೀವು ಮನೆಗೆ ಹೋದ ಮೇಲೆ. ಒಡೆದ ಚೂರುಗಳನ್ನು ಮ್ಯಾಕ್ರೊಫೇಜ್‌ಗಳು ಮತ್ತೆ ನುಂಗಿ, ದುಗ್ಧನಾಳಗಳ (ಲಿಂಫ್ ನಾಳಗಳ) ದಾರಿಯಲ್ಲಿ ನಿಧಾನಕ್ಕೆ ಸಾಗಿಸುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಇದು ನಡೆಯುತ್ತದೆ. ಅದಕ್ಕೇ ಎರಡು ಸಿಟಿಂಗ್ ನಡುವೆ ಕಡಿಮೆ ಎಂದರೂ ಆರರಿಂದ ಎಂಟು ವಾರ ಬಿಡುತ್ತೇವೆ. ನಮ್ಮ ಕಂದು ಚರ್ಮಕ್ಕೆ ನಾನು ಎಂಟು ವಾರಕ್ಕಿಂತ ಮುಂಚೆ ಕರೆಯುವುದೇ ಇಲ್ಲ. 15 ದಿನಕ್ಕೆ ಮತ್ತೆ ಹೊಡೆದರೆ ಹೋದ ಸಲ ಒಡೆದದ್ದೇ ಇನ್ನೂ ಅಲ್ಲೇ ಇರುತ್ತದೆ, ಚರ್ಮವೂ ಮಾಗಿರುವುದಿಲ್ಲ. ಇಂಕ್ ಬೇಗ ಹೋಗುವುದಿಲ್ಲ, ಕಲೆ ಮಾತ್ರ ಬೇಗ ಬರುತ್ತದೆ. ಠಾಣೆಯವರ ಲೆಕ್ಕ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ. ಯಂತ್ರ ಎಷ್ಟೇ ದುಬಾರಿಯದಾದರೂ ನಿಮ್ಮ ಮೈಯ ವೇಗವನ್ನು ಅದು ಬದಲಾಯಿಸಲಾರದು.

ಈಗ ನಿಮ್ಮ ಗರುಡನ ಬಣ್ಣಗಳು. ಕಪ್ಪು ಎಲ್ಲ ಬೆಳಕನ್ನೂ ಹೀರುತ್ತದೆ, ಆದ್ದರಿಂದ ಅದು ಸುಲಭ. ಎನ್‌ಡಿ-ಯಾಗ್ ಲೇಸರಿನ 1064 ನ್ಯಾನೊಮೀಟರ್ ವೇವ್‌ಲೆಂಗ್ತಿನ (ಅಲೆಯ ಉದ್ದದ) ಬೆಳಕು ಅದಕ್ಕೆ ಸಾಕು. ಈ ಬೆಳಕು ಆಳಕ್ಕೆ ಇಳಿಯುತ್ತದೆ, ಚರ್ಮದ ಸ್ವಂತ ಬಣ್ಣವಾದ ಮೆಲನಿನ್ನಿಗೆ ಕಡಿಮೆ ತಾಗುತ್ತದೆ. ನಮ್ಮಂಥ ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ ಅದೇ. ಕೆಂಪಿಗೆ 532 ಬೇಕು. ಅದನ್ನು ಮೆಲನಿನ್ ಚೆನ್ನಾಗಿ ಹೀರುತ್ತದೆ. ಕೈ ಸ್ವಲ್ಪ ಮುಂದಾದರೆ ಇಂಕಿನ ಜೊತೆ ಚರ್ಮದ ಬಣ್ಣವೂ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಹಸಿರಿಗೆ 694ರ ರೂಬಿ ಅಥವಾ 755ರ ಅಲೆಕ್ಸಾಂಡ್ರೈಟ್ ಸರಿ. ಅವಕ್ಕೂ ಮೆಲನಿನ್ ಕಾಟ ಇದ್ದೇ ಇದೆ. ಹಳದಿ ತುಂಬಾ ಹಠ ಮಾಡುತ್ತದೆ. ಅಂದರೆ ನಿಮ್ಮ ಟ್ಯಾಟೂಗೆ ಒಂದೇ ಲೇಸರ್ ಸಾಲದು. ಎರಡೂ ಕಡೆ ಫೋನ್ ಮಾಡಿ "ನಿಮ್ಮಲ್ಲಿ ಯಾವ ಯಾವ ವೇವ್‌ಲೆಂಗ್ತ್ ಇದೆ? ಹಸಿರಿಗೆ ಯಾವುದು ಬಳಸುತ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಹೋಗಬೇಡಿ.

ಎಷ್ಟು ಸಿಟಿಂಗ್ ಬೇಕಾಗಬಹುದು ಅಂತ ಅಂದಾಜು ಮಾಡಲು 2009ರಲ್ಲಿ ಬಂದ ಕರ್ಬಿ-ದೇಸಾಯಿ ಸ್ಕೇಲ್ ಇದೆ. ಚರ್ಮದ ಬಣ್ಣ, ಟ್ಯಾಟೂ ಇರುವ ಜಾಗ, ಇಂಕಿನ ಬಣ್ಣ, ಇಂಕಿನ ಪ್ರಮಾಣ, ಆಗಲೇ ಇರುವ ಕಲೆ, ಒಂದರ ಮೇಲೊಂದು ಹಾಕಿಸಿದ್ದಾರಾ ಅನ್ನೋದು, ಈ ಆರಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಹೃದಯದಿಂದ ದೂರ ಹೋದಷ್ಟೂ ರಕ್ತ, ದುಗ್ಧರಸದ ಓಡಾಟ ಕಡಿಮೆ, ಹಾಗಾಗಿ ಬೆರಳು ಮತ್ತು ಕಾಲಗಂಟಿನ ಟ್ಯಾಟೂ ಬೆನ್ನಿನದ್ದಕ್ಕಿಂತ ನಿಧಾನ. ನಿಮ್ಮದು ಮುಂಗೈ, ನಾಲ್ಕು ಬಣ್ಣ, ಕಂದು ಚರ್ಮ. ಎಂಟು-ಹತ್ತು ಅಂದದ್ದು ನ್ಯಾಯವಾಗಿಯೇ ಇದೆ. ಸಿಗರೇಟ್ ಸೇದುತ್ತೀರಾ? ಸೇದಿದರೆ ಇನ್ನೂ ನಿಧಾನವಾಗುತ್ತದೆ. ಇದು ನಿಮ್ಮ ಕೈಲೇ ಇರುವ ವಿಷಯ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸಿಟಿಂಗ್ ಆದ ಮೇಲಿನ ಆರೈಕೆ ಅರ್ಧ ಚಿಕಿತ್ಸೆ. ಮೆತ್ತಗೆ ತೊಳೆದು, ವ್ಯಾಸಲಿನ್ ಸವರಿ, ಗಾಯಕ್ಕೆ ಅಂಟಿಕೊಳ್ಳದ ಬ್ಯಾಂಡೇಜ್ ಬಟ್ಟೆ ಕಟ್ಟಿ. ಗುಳ್ಳೆ ಎದ್ದರೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಲಿಯಿಂದ ದಾದರ್‌ವರೆಗೆ ನಿಂತು ಬರುವವರ ಗಾಯ ಹೇಗೆ ಉಜ್ಜಿಹೋಗುತ್ತದೆ ಅಂತ ನಾನು ತುಂಬಾ ಸಲ ನೋಡಿದ್ದೇನೆ. ಆ ವಾರ ಆದಷ್ಟು ತಡವಾದ ಸ್ಲೋ ಗಾಡಿ ಹಿಡಿಯಿರಿ, ಉದ್ದ ತೋಳಿನ ಹತ್ತಿ ಅಂಗಿ ಹಾಕಿ. ಹೋಟೆಲಿನಲ್ಲಿ ದೋಸೆ ಕಾವಲಿ, ಇಡ್ಲಿ ಸ್ಟೀಮರ್ ಹತ್ತಿರ ಆ ಕೈ ಒಯ್ಯಬೇಡಿ. ಬಿಸಿಲಿಗೆ ಕೈ ಕಪ್ಪಾಗಿದ್ದಾಗ ಲೇಸರ್ ಮಾಡಿಸಲೇಬಾರದು. ಗಾಯ ಮಾಗಿದ ಮೇಲೆ ಸನ್‌ಸ್ಕ್ರೀನ್ ಬಿಡಬೇಡಿ. ಮಾಗಿದ ಜಾಗ ಕೆಲವು ತಿಂಗಳು ಸುತ್ತಲಿಗಿಂತ ಕಪ್ಪಗೆ ಕಾಣಬಹುದು. ನಮ್ಮವರಿಗೆ ಅದು ಸಾಮಾನ್ಯ, ಬಹಳಷ್ಟು ಜನಕ್ಕೆ ತಾನಾಗೇ ತಿಳಿಯಾಗುತ್ತದೆ.

ಮೊದಲ ಸಿಟಿಂಗ್‌ನಲ್ಲಿ ಪೂರ್ತಿ ಟ್ಯಾಟೂ ಮುಟ್ಟದೆ, ಮೂಲೆಯಲ್ಲಿ ಒಂದು ಸಣ್ಣ ಜಾಗ ಪರೀಕ್ಷೆ ಮಾಡಿ ಆರು-ಎಂಟು ವಾರ ನೋಡಿ ಅಂತ ನೀವೇ ಕೇಳಿ. ಕೆಲಸದ ಅರ್ಜಿಗೆ ಒಂದೂವರೆ ವರ್ಷ ಕಾಯುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ಸುಟ್ಟ ಕಲೆಯೂ ಕಾಣುತ್ತದೆ ಅಲ್ವಾ? ಅದನ್ನು ಪೂರ್ತಿ ಅಳಿಸುವ ಲೇಸರ್ ಇಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 19. ನಮಗೆ ಹೇಳದೆ ಮಣಿಕಟ್ಟಿನ ಮೇಲೆ ಚಿಟ್ಟೆ ಟ್ಯಾಟೂ ಹಾಕಿಸಿಕೊಂಡಿದ್ದಳು. ಈಗ ಅವಳಿಗೇ ಬೇಡವಾಗಿದೆ. ಆನ್‌ಲೈನಲ್ಲಿ ಟ್ಯಾಟೂ ತೆಗೆಯುವ ಕ್ರೀಮ್ ತರಿಸಿದ್ದಾಳೆ. ಪಕ್ಕದ ಮನೆಯವರು ಉಪ್ಪು-ನಿಂಬೆರಸ ಉಜ್ಜಿದರೂ ಹೋಗುತ್ತೆ ಅಂತಾರೆ. ಯಾವುದು ಒಳ್ಳೆಯದು?
– ಒಬ್ಬ ತಾಯಿ, ಮೀರಾ ರೋಡ್

ಉತ್ತರ: ಎರಡೂ ಬೇಡಮ್ಮ. ಬರೀ ಮೇಲ್ಪದರಕ್ಕೆ ಇಳಿಯುವ ಕ್ರೀಮ್ ಇಂಕಿನವರೆಗೆ ಹೋಗುವುದೇ ಇಲ್ಲ, ದುಡ್ಡು ದಂಡ. ಇಂಕಿನವರೆಗೆ ಹೋಗುವಷ್ಟು ಖಾರದ್ದಾದರೆ ಅದರಲ್ಲಿ ಆಸಿಡ್ ಇದೆ ಅಂತಲೇ ಅರ್ಥ, ಅದು ಚರ್ಮವನ್ನು ಸುಡುತ್ತದೆ. ಉಪ್ಪು ಹಾಕಿ ಉಜ್ಜಿ ಚರ್ಮ ಕೆರೆಯುವ ಪದ್ಧತಿ ಹಿಂದೆ ವೈದ್ಯರಲ್ಲೂ ಇತ್ತು. ಅದು ಕಲೆ ಬಿಡುತ್ತದೆ ಅಂತಲೇ ಬಿಟ್ಟರು. ಮಗಳು ಆಗಲೇ ಕ್ರೀಮ್ ಹಚ್ಚಿ ಉರಿ ಬಂದಿದ್ದರೆ, ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ಟೂತ್‌ಪೇಸ್ಟ್, ಅರಿಸಿನ ಏನೂ ಹಚ್ಚಬೇಡಿ.

ಇನ್ನೊಂದು ಮಾತು. ಚಿಕ್ಕ ಟ್ಯಾಟೂ ಆದರೆ ಲೇಸರ್ ಒಂದೇ ದಾರಿಯಲ್ಲ. ಕೆಲವು ಜಾಗಗಳಲ್ಲಿ ಅದನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಬಹುದು, ಒಂದೇ ಸಲಕ್ಕೆ ಮುಗಿಯುತ್ತದೆ, ಗೆರೆಯಷ್ಟು ಕಲೆ ಉಳಿಯುತ್ತದೆ. ಮಣಿಕಟ್ಟಿಗೆ ಅದು ಹೊಂದುತ್ತದಾ ಅಂತ ನೋಡಿಯೇ ಹೇಳಬೇಕು. ಖರ್ಚಿನ ಚಿಂತೆ ಇದ್ದರೆ ಮುಂಬಯಿ ಪಾಲಿಕೆಯ ಕೆಇಎಮ್, ಸಾಯನ್, ನಾಯರ್ ಆಸ್ಪತ್ರೆಗಳ ಚರ್ಮ ವಿಭಾಗದ ಹೊರರೋಗಿ ಸಾಲಿನಲ್ಲಿ ವಿಚಾರಿಸಿ. ಮತ್ತೆ, ಅವಳು ನಿಮಗೆ ಹೇಳದೆ ಹಾಕಿಸಿಕೊಂಡಳು, ಈಗ ನಿಮ್ಮ ಹತ್ತಿರ ಬಂದು ಹೇಳಿದ್ದಾಳೆ. ಬೈಯಬೇಡಿ. ಬೈದರೆ ಮುಂದಿನ ಕ್ರೀಮನ್ನು ಕದ್ದು ಹಚ್ಚುತ್ತಾಳೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 62 ವರ್ಷ. ಸಿಂದಗಿ ಕಡೆಯವರು, ಈಗ ಭಾಂಡುಪಿನಲ್ಲಿ ನಮ್ಮ ಜೊತೆ ಇದ್ದಾರೆ. ಹಣೆ ಮೇಲೆ, ಗದ್ದದ ಮೇಲೆ ಹಚ್ಚೆಯ ಚುಕ್ಕಿಗಳಿವೆ. ಎರಡೂ ಕೈಗೆ ತುಳಸಿಕಟ್ಟೆ, ಚೇಳು, ಮಾವನವರ ಹೆಸರು. ಮಗಳಿಗೆ ಪುಣೆಯಲ್ಲಿ ಸಂಬಂಧ ಗೊತ್ತಾಗಿದೆ, ಬೀಗರು ಓದಿದವರು. ಮದುವೆಯೊಳಗೆ ಮುಖದ ಹಚ್ಚೆಯಾದರೂ ತೆಗೆಸೋಣ ಅಂತ ಮನೆಯವರ ಆಸೆ. ಅತ್ತೆ ಏನೂ ಹೇಳಲ್ಲ, ಸುಮ್ನೆ ಇರ್ತಾರೆ. ಅಷ್ಟು ಹಳೆಯ ಹಚ್ಚೆ ಹೋಗುತ್ತಾ? ಶುಗರ್ ಇದೆ.
– ಸೊಸೆ, ಭಾಂಡುಪ್

ಉತ್ತರ: ಹೋಗುತ್ತೆ. ಊರಿನ ಹಚ್ಚೆ ಬಹುಮಟ್ಟಿಗೆ ದೀಪದ ಮಸಿ. ಅಂದರೆ ಬರೀ ಇಂಗಾಲ, ಒಂದೇ ಬಣ್ಣ. ಹಚ್ಚೆ ಹಾಕುವ ಕೊರವಿ ಕೈಯಿಂದಲೇ ಚುಚ್ಚಿದ್ದರಿಂದ ಇಂಕ್ ಪ್ರಮಾಣವೂ ಕಡಿಮೆ. ಅಂಗಡಿಯ ಬಣ್ಣದ ಟ್ಯಾಟೂಗಿಂತ ಕಡಿಮೆ ಸಿಟಿಂಗ್‌ನಲ್ಲಿ ಮಾಸುತ್ತದೆ. ಆದರೆ ಚುಚ್ಚಿದ ಆಳ ಒಂದೇ ಸಮ ಇರುವುದಿಲ್ಲ. ಒಂದು ಚುಕ್ಕಿ ಬೇಗ ಹೋಗಿ ಪಕ್ಕದ್ದು ಉಳಿಯಬಹುದು. ಶುಗರ್ ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ, ಇಲ್ಲದಿದ್ದರೆ ಗಾಯ ಮಾಗಲು ತಡ, ಕೀವಾಗುವ ಭಯ. ಮೊದಲು ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಒಂದು ಸಲ ಆಗಲಿ. ಲೇಸರ್ ಮಾಡಿಸಿದರೂ ಬಿಟ್ಟರೂ ಇದು ಬೇಕು. ಆಗ ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಎಷ್ಟೋ ಜನಕ್ಕೆ ಚುಚ್ಚುತ್ತಿದ್ದರು.

ವೈದ್ಯದ ಮಾತು ಇಷ್ಟು. ಈಗ ನೀವು ಬರೆದ ಇನ್ನೊಂದು ಸಾಲಿಗೆ ಬರುತ್ತೇನೆ. "ಅತ್ತೆ ಏನೂ ಹೇಳಲ್ಲ." ಅವರಿಗೆ ಬೇಕು ಅಂತ ಅವರು ಹೇಳಿಲ್ಲ ಅಂದ ಹಾಗಾಯಿತು. ಹಿರಿಯರನ್ನು ಹೀಗೆ ಕರೆತಂದಾಗ ನಾನು ಮನೆಯವರನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಕೇಳುತ್ತೇನೆ. ಒಬ್ಬ ಅವ್ವ ಹಣೆ ಮುಟ್ಟಿಕೊಂಡು, "ಇದು ನಮ್ಮವ್ವ ಕೂಡಿಸಿ ಹಾಕಿಸಿದ್ದು, ನಾ ಅತ್ತರ ಬೆಲ್ಲ ಕೊಟ್ಟಿದ್ಲು" ಅಂದರು. ಅಷ್ಟೇ ಹೇಳಿದರು. ನಾನು ಯಂತ್ರ ಆನ್ ಮಾಡಲಿಲ್ಲ. ಹೊರಗೆ ಬಂದು, ಇವರಿಗೆ ಚಿಕಿತ್ಸೆ ಬೇಕಿಲ್ಲ ಅಂತ ಮಗನಿಗೆ ಹೇಳಿದೆ. ಇನ್ನು ಕೆಲವರು ನಿಜಕ್ಕೂ ತೆಗೆಸಬೇಕು ಅಂತಲೇ ಬಂದಿರುತ್ತಾರೆ. ಚಿಕ್ಕವಳಿದ್ದಾಗ ಒತ್ತಿ ಹಿಡಿದು ಹಾಕಿಸಿದರು, ಆಗಿನಿಂದಲೂ ಇಷ್ಟವಿಲ್ಲ ಅನ್ನುತ್ತಾರೆ. ಅವರಿಗೆ ಸಂತೋಷದಿಂದ ಮಾಡಿದ್ದೇನೆ.

ನಿಮ್ಮ ಅತ್ತೆಯನ್ನು ಒಂದು ಮಧ್ಯಾಹ್ನ, ಮನೆಯಲ್ಲಿ ಗಂಡಸರು ಇಲ್ಲದಾಗ, ಪಕ್ಕದಲ್ಲಿ ಕೂತು ನೀವೇ ಕೇಳಿ. ಬೇಡ ಅಂದರೆ ಬೀಗರ ಸಲುವಾಗಿ ಆ ಮುಖಕ್ಕೆ ಬೆಂಕಿ ತಾಗಿಸಬೇಡಿ. ಬೇಕು ಅಂದರೆ ಈಗಲೇ ಶುರು ಮಾಡಿ. ಮದುವೆಗೆ ಒಂದು ತಿಂಗಳು ಉಳಿದಾಗ ಮುಖಕ್ಕೆ ಲೇಸರ್ ಮುಟ್ಟಿಸಬಾರದು, ಮಚ್ಚೆ ಮಾಸಲು ಹೊತ್ತು ಬೇಕು.

ಪ್ರಶ್ನೆ: ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ. ಬಲ ಮುಂಗೈ ಒಳಭಾಗದಲ್ಲಿ ಅಮ್ಮನ ಹೆಸರು, ಕನ್ನಡದಲ್ಲಿ, ಕಪ್ಪು ಇಂಕ್. ಜಾತ್ರೆಯಲ್ಲಿ ಮಷೀನ್‌ನಿಂದ ಹಾಕಿಸಿದ್ದು. ಹೆಸರು ಇದ್ದರೆ ನಡೆಯುತ್ತೆ ಅಂತಾರೆ ಕೆಲವರು. ತೆಗೆಸಲೇಬೇಕಾ?
– ಓದುಗ, ಕಳಂಬೋಲಿ

ಉತ್ತರ: ಹೆಸರು ಮತ್ತು ದೇವರ ಚಿಹ್ನೆಗೆ ಅಡ್ಡಿಯಿಲ್ಲ, ಅಷ್ಟು ನಿಜ. ತೊಂದರೆ ಇರುವುದು ಕೈಯದ್ದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ವೈದ್ಯಕೀಯ ನಿಯಮದಲ್ಲಿ ಎಡ ಮುಂಗೈಯ ಒಳಭಾಗ ಅಥವಾ ಅಂಗೈ ಹಿಂಭಾಗ ಅಂತಲೇ ಇದೆ. ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಅಳತೆಯೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ನಿಮ್ಮದು ಬಲಗೈ, ಹಾಗಾಗಿ ತೆಗೆಸುವುದೇ ಕ್ಷೇಮ. ಭೂಸೇನೆಯ ನಿಯಮ ಬೇರೆ. ನೀವು ಅರ್ಜಿ ಹಾಕುವ ಭರ್ತಿಯ ಅಧಿಸೂಚನೆಯನ್ನೇ ತೆಗೆದು ಟ್ಯಾಟೂ ಅನ್ನುವ ಪ್ಯಾರಾ ಓದಿ, ಕೋಚಿಂಗ್ ಕ್ಲಾಸಿನವರ ಬಾಯಿಮಾತು ನಂಬಬೇಡಿ.

ಕಪ್ಪು ಇಂಕ್, ಚಿಕ್ಕ ಅಕ್ಷರ. ನಿಮ್ಮದು ಸುಲಭದ ಪೈಕಿ. ಆದರೂ ಎಂಟು ವಾರಕ್ಕೊಂದರಂತೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಇಟ್ಟುಕೊಳ್ಳಿ. ಫಿಸಿಕಲ್ ಮುಗಿದು ಮೆಡಿಕಲ್‌ಗೆ ಹದಿನೈದು ದಿನ ಇದೆ ಅನ್ನುವಾಗ ಓಡಿ ಬರುವ ಹುಡುಗರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗ ಅವರಿಗೆ ನಾನು ಮಾಡುವಂಥದ್ದು ಏನೂ ಇರುವುದಿಲ್ಲ. ಕೆಲವರು ಅಲ್ಲಿಂದ ಹೋಗಿ ಆಸಿಡ್ ಹಾಕಿಸಿಕೊಂಡು ದಪ್ಪ ಗಡ್ಡೆಯಂಥ ಕಲೆ ಮಾಡಿಕೊಂಡಿದ್ದಾರೆ. ಓದು ಶುರು ಮಾಡಿದ ತಿಂಗಳಲ್ಲೇ ಲೇಸರನ್ನೂ ಶುರು ಮಾಡಿ.

ಪ್ರಶ್ನೆ: ಹುಬ್ಬು ದಟ್ಟ ಕಾಣಲಿ ಅಂತ ಪಾರ್ಲರಿನಲ್ಲಿ ಕಂದು ಬಣ್ಣದ ಮೈಕ್ರೊಬ್ಲೇಡಿಂಗ್ ಮಾಡಿಸಿದ್ದೆ. ಆಕಾರ ಸರಿಬರಲಿಲ್ಲ. ಅವರೇ ಲೇಸರ್ ಹೊಡೆದರು. ಹೋಗುವ ಬದಲು ಅಲ್ಲಲ್ಲಿ ಕಪ್ಪಾಗಿಬಿಟ್ಟಿದೆ! ಕನ್ನಡಿ ನೋಡೋಕೂ ಮನಸ್ಸಿಲ್ಲ. ಇದು ಶಾಶ್ವತವಾ?
– ಓದುಗಳು, ಚೆಂಬೂರ್

ಉತ್ತರ: ಧೈರ್ಯ ತಂದುಕೊಳ್ಳಿ, ಬಹಳಷ್ಟು ಸಲ ಇದನ್ನು ಸರಿ ಮಾಡಬಹುದು. ಆಗಿದ್ದು ಏನು ಅಂದರೆ, ಹುಬ್ಬು-ತುಟಿಗೆ ಹಾಕುವ ಕಂದು, ಗುಲಾಬಿ, ಚರ್ಮದ ಬಣ್ಣದ ಇಂಕ್‌ಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಕಂದುಗೆಂಪು, ತುಕ್ಕಿನ ಬಣ್ಣ. ಲೇಸರ್ ತಾಗಿದ ಕ್ಷಣ ಅದು ರಾಸಾಯನಿಕವಾಗಿ ಬದಲಾಗಿ ಕಪ್ಪು ಆಕ್ಸೈಡ್ ಆಗುತ್ತದೆ. ಬಣ್ಣ ತಿಳಿ ಮಾಡಲು ಬೆರೆಸುವ ಬಿಳಿ ಟೈಟೇನಿಯಮ್ ಡೈಆಕ್ಸೈಡ್ ಕೂಡ ಹೀಗೇ ಕಪ್ಪಾಗುತ್ತದೆ. ನಿಮ್ಮ ಚರ್ಮದ ದೋಷ ಅಲ್ಲ, ನೀವು ಏನೂ ತಪ್ಪು ಮಾಡಿಲ್ಲ. ತಿಳಿದವರು ಮೊದಲು ಹುಬ್ಬಿನ ಬಾಲದಲ್ಲಿ, ಕೂದಲಿನ ಮರೆಯಲ್ಲಿ, ಒಂದೇ ಒಂದು ಹೊಡೆತ ಕೊಟ್ಟು ನೋಡುತ್ತಾರೆ. ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ ರೋಗಿಯ ಜೊತೆ ಕೂತು ಮಾತಾಡುತ್ತಾರೆ.

ಈಗ ಅದು ಕಪ್ಪು ಇಂಕ್ ಆಗಿದೆ. ಅಂದರೆ 1064ರ ಬೆಳಕಿಗೆ ಸಿಗುತ್ತದೆ. ಮಾಗಲು ಬಿಟ್ಟು, ಎರಡು ತಿಂಗಳ ನಂತರ ಚರ್ಮತಜ್ಞರ ಕೈಯಲ್ಲೇ ನಿಧಾನಕ್ಕೆ ತೆಗೆಸಿ. ಹಲವು ಸಿಟಿಂಗ್ ಬೇಕಾಗುತ್ತದೆ. ಹುಬ್ಬಿನ ಕೂದಲು ಕೆಲವು ದಿನ ಬೆಳ್ಳಗಾಗಬಹುದು ಅಥವಾ ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಹುಬ್ಬಿನ ಮೇಲೆ ಲೇಸರ್ ಮಾಡುವಾಗ ಮಾಮೂಲಿ ಕನ್ನಡಕ ಸಾಲದು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯ ಒಳಗೆ ಲೋಹದ ಕವಚ ಕೂರಿಸಬೇಕಾಗುತ್ತದೆ. ಪಾರ್ಲರಿನಲ್ಲಿ ನಿಮಗೆ ಅದನ್ನು ಹಾಕಿದ್ದರಾ ಅಂತ ನೆನಪು ಮಾಡಿಕೊಳ್ಳಿ. ಹಾಕಿಲ್ಲದಿದ್ದರೆ, ದೃಷ್ಟಿಯಲ್ಲಿ ಏನಾದರೂ ಮಸುಕು, ಕಪ್ಪು ಚುಕ್ಕಿ ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಇದನ್ನು ಓದುತ್ತಿರುವ ಎಲ್ಲರಿಗೂ ಹೇಳಬೇಕು. ಪಾರ್ಲರುಗಳಲ್ಲಿ ಕೂದಲು ತೆಗೆಯುವ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಯಂತ್ರವನ್ನೂ ಲೇಸರ್ ಅಂತಲೇ ಕರೆಯುತ್ತಾರೆ. ಅದರ ಹೊಡೆತದ ಅವಧಿ ಟ್ಯಾಟೂ ಲೇಸರಿಗಿಂತ ಲಕ್ಷಾಂತರ ಪಟ್ಟು ಉದ್ದ. ಇಂಕ್ ಮೇಲೆ ಬಿದ್ದರೆ ಸುತ್ತಲಿನ ಚರ್ಮ ಬೆಂದು ಹೋಗುತ್ತದೆ. ಟ್ಯಾಟೂಗೆ ಅದನ್ನು ಮುಟ್ಟಿಸಲೇಬಾರದು.

ಪ್ರಶ್ನೆ: ಒಡೆದ ಇಂಕ್ ಕೊನೆಗೆ ಹೋಗುವುದೆಲ್ಲಿಗೆ? ಕ್ಯಾನ್ಸರ್ ಬರುತ್ತಾ ಅಂತ ನನ್ನ ಹೆಂಡತಿಗೆ ಭಯ. ಅವಳಿಗೆ ತೋಳಿನ ಮೇಲೆ ಇದೆ.
– ಓದುಗ, ಘಾಟ್‌ಕೋಪರ್

ಉತ್ತರ: ಸ್ವಲ್ಪ ಹಕ್ಕಳೆಯ ಜೊತೆ ಹೊರಗೆ ಬೀಳುತ್ತದೆ. ಹೆಚ್ಚಿನದು ದುಗ್ಧನಾಳಗಳ ದಾರಿ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಸೇರುತ್ತದೆ. ತೋಳಿನದ್ದಾದರೆ ಕಂಕುಳಿಗೆ. ಟ್ಯಾಟೂ ಇರುವವರಲ್ಲಿ ಲೇಸರ್ ಮಾಡಿಸದಿದ್ದರೂ ಸ್ವಲ್ಪ ಇಂಕ್ ಅಲ್ಲಿಗೆ ಹೋಗೇ ಹೋಗಿರುತ್ತದೆ. ಲೇಸರಿನ ಬೆಳಕು ಎಕ್ಸ್‌ರೇ ಥರದ ಕಿರಣ ಅಲ್ಲ, ಆ ಭಯ ಬಿಡಲಿ. ಆದರೆ ಎರಡು ವಿಷಯ ಮರೆಯಬಾರದು. ಒಂದು, ಮುಂದೆ ಸ್ತನದ ಮ್ಯಾಮೊಗ್ರಫಿ ಮಾಡಿಸುವಾಗ ಟ್ಯಾಟೂ ಇತ್ತು, ಲೇಸರ್ ಮಾಡಿಸಿದ್ದೆ ಅಂತ ಹೇಳಲಿ. ಕಂಕುಳ ಗ್ರಂಥಿಯಲ್ಲಿ ಕೂತ ಇಂಕ್ ಸುಣ್ಣದ ಚುಕ್ಕಿಯಂತೆ ಕಂಡು ಸುಮ್ಮನೆ ಗಾಬರಿ ಹುಟ್ಟಿಸಬಹುದು. ಇನ್ನೊಂದು, ಟ್ಯಾಟೂ ಒಳಗೆ ಮಚ್ಚೆ ಇದ್ದರೆ ಅದನ್ನು ಮೊದಲು ತೋರಿಸಲಿ. ಮಚ್ಚೆಯ ಮೇಲೆ ಲೇಸರ್ ಹೊಡೆಯುವುದಿಲ್ಲ, ಅದರ ಬಣ್ಣ ಹೋದರೆ ಮುಂದೆ ಅದು ಕೆಟ್ಟ ಬದಲಾವಣೆ ತೋರಿಸಿದರೂ ಗೊತ್ತಾಗುವುದಿಲ್ಲ.

ಟ್ಯಾಟೂನ ಕೆಂಪು ಭಾಗ ತುರಿಸಿ ಉಬ್ಬಿದ್ದರೆ ಅದು ಇಂಕಿನ ಅಲರ್ಜಿ ಇರಬಹುದು. ಅಂಥದ್ದನ್ನು ಒಡೆದರೆ ಅಲರ್ಜಿ ಮೈಗೆಲ್ಲ ಹರಡಬಹುದು. ಅದನ್ನೂ ಮುಂಚೆಯೇ ಹೇಳಬೇಕು.

ಪ್ರಶ್ನೆ: ನೋವಾಗದ ಹಾಗೆ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ದಪ್ಪ ಹಚ್ಚಿಕೊಂಡು ಬರಬಹುದಾ? ಬೆನ್ನು ಪೂರ್ತಿ ಇದೆ. ಮಗುವಿಗೆ ಇನ್ನೂ ಹಾಲು ಕುಡಿಸುತ್ತೇನೆ.
– ಓದುಗಳು, ವಾಶಿ

ಉತ್ತರ: ಬೇಡ. ಆ ಕ್ರೀಮ್‌ನಲ್ಲಿರುವ ಲಿಡೊಕೇನ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಬೆನ್ನು ತುಂಬ ದಪ್ಪ ಹಚ್ಚಿ ಪ್ಲಾಸ್ಟಿಕ್ ಸುತ್ತಿ ವಾಶಿಯಿಂದ ಬಂದರೆ ಫಿಟ್ಸ್ ಬರಬಹುದು, ಎದೆಬಡಿತ ತಪ್ಪಬಹುದು. ಕ್ಲಿನಿಕ್ಕಿನಲ್ಲಿ ಅಳತೆ ಮಾಡಿ, ಒಂದು ಸಲಕ್ಕೆ ಒಂದು ಭಾಗಕ್ಕೆ ಮಾತ್ರ ಹಚ್ಚಿ, ಮುಕ್ಕಾಲು ಗಂಟೆ-ಒಂದು ಗಂಟೆ ಕಾಯಿಸಿ ಶುರು ಮಾಡುತ್ತೇವೆ. ನೀವಂತೂ ಮಗು ಹಾಲು ಬಿಡುವವರೆಗೆ ಕಾಯಿರಿ. ಗರ್ಭಿಣಿಯರಿಗೂ ಇದೇ ಉತ್ತರ. ಬೆನ್ನಿನ ಟ್ಯಾಟೂ ಅಲ್ಲೇ ಇರುತ್ತದೆ, ಇನ್ನೊಂದು ವರ್ಷ ಬಿಟ್ಟು ತೆಗೆದರೂ ಅಷ್ಟೇ ಚೆನ್ನಾಗಿ ಹೋಗುತ್ತದೆ.